ಕಾಸರಗೋಡಿನಲ್ಲಿ ಡಿಗ್ರಿ ಮುಗಿದ ಮೇಲೆ ಎಂಎ ಮಾಡಬೇಕಾ?

"ಕನ್ನಡದಲ್ಲಿ ಡಿಗ್ರಿ ಮುಗಿಸ್ತಾಳೆ ಅಂದ್ರೆ ಮಂಗಳೂರಿಗೆ ಹೋಗಿ ಎಂಎ ಮಾಡಲಿ, ಇದರಲ್ಲಿ ಯೋಚಿಸೋದು ಏನಿದೆ?" ಎಂದು ನೀವು ಬೆಂಗಳೂರಿನಿಂದ ಕೇಳಿದಿರಿ. ಕೇಳಿದ್ದು ಸರಿಯೇ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಆದರೆ ನಮ್ಮ ಮನೆಯಲ್ಲಿ ಒಂದು ತಿಂಗಳಿನಿಂದ ಇದೇ ಮಾತು ನಡೆಯುತ್ತಿದೆ. ಅಕ್ಕನ ಮಗಳು ಮೂರನೇ ವರ್ಷದಲ್ಲಿದ್ದಾಳೆ, ಕನ್ನಡ ಅವಳ ಮೇಜರ್. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಳೆದ ಭಾನುವಾರ ಜಗಲಿಯಲ್ಲಿ ಕೂತು ಮನೆಯವರ ಸರ್ಟಿಫಿಕೇಟುಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆವು. ಅಜ್ಜನ ಎಸ್‌ಎಸ್‌ಎಲ್‌ಸಿ ಪುಸ್ತಕ ಮದ್ರಾಸ್ ರಾಜ್ಯದ್ದು. ಮಡಿಕೆಯಲ್ಲಿ ಹರಿದು ಎರಡು ತುಂಡಾಗಿದೆ. ದೊಡ್ಡಪ್ಪನ ಬಿಎ ಕಲ್ಲಿಕೋಟೆ ವಿಶ್ವವಿದ್ಯಾಲಯದ್ದು. ನನ್ನ ಬಿಎ ಕಣ್ಣೂರಿನದ್ದು, ಎಂಎ ಗಡಿಯ ಆಚೆಯದ್ದು. ಎಲ್ಲರೂ ಓದಿದ್ದು ಕನ್ನಡವೇ, ಬೆಳೆದದ್ದು ಇದೇ ಮನೆಯಲ್ಲಿ. ಮೊಹರು ಮಾತ್ರ ಪ್ರತಿ ತಲೆಮಾರಿಗೂ ಬೇರೆ. 1956ರ ನವೆಂಬರ್ 1ಕ್ಕೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕನ್ನಡದ ರಾಜ್ಯಕ್ಕೆ ಸೇರಬೇಕು ಎಂದು ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಜಾರಿಗೆ ಬರಲಿಲ್ಲ. ಇದೆಲ್ಲ ನಿಮಗೆ ಹಳೆಯ ಕಥೆ ಅನಿಸಬಹುದು. ಇಲ್ಲಿ ಡಿಗ್ರಿ ಮುಗಿಸಿದ ಹುಡುಗಿಗೆ ಅದು ಇವತ್ತಿನ ಲೆಕ್ಕ.

ಏಕೆಂದರೆ ಇಲ್ಲಿ ಎಂಎಯ ಬೆಲೆ ಮುಂದಿನ ಕೆಲಸವನ್ನು ಯಾವ ಸರ್ಕಾರ ಕೊಡುತ್ತದೆ ಎಂಬುದರ ಮೇಲೆ ನಿಂತಿದೆ.

ನಮ್ಮಲ್ಲಿ ಕನ್ನಡ ಓದಿದವರು ಮೊದಲು ನೋಡುವುದು ಮಾಷ್ಟ್ರ ಕೆಲಸವನ್ನೇ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕಿನಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಈಗಲೂ ನಡೆಯುತ್ತಿವೆ. ಅವುಗಳಲ್ಲಿ ಸರ್ಕಾರಿ ಶಾಲೆಗಳಿಗೆ ನೇಮಕ ಮಾಡುವುದು ಕೇರಳ ಪಿಎಸ್‌ಸಿ, ಅಂದರೆ ರಾಜ್ಯದ ಲೋಕಸೇವಾ ಆಯೋಗ. ಹೈಸ್ಕೂಲ್ ಟೀಚರ್ ಆಗಲು ಡಿಗ್ರಿ, ಬಿಎಡ್, ಕೆ-ಟೆಟ್ ಎಂಬ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆ ಸಾಕು. ಎಂಎ ಬೇಡ. ಹೈಯರ್ ಸೆಕೆಂಡರಿಗೆ, ಅಂದರೆ ನಿಮ್ಮ ಪಿಯುಸಿಗೆ, ನಮ್ಮ ಪ್ಲಸ್ ಟುವಿಗೆ, ಎಂಎಯಲ್ಲಿ 50 ಪರ್ಸೆಂಟ್, ಬಿಎಡ್, ಮೇಲಿಂದ ಸೆಟ್ ಎಂಬ ರಾಜ್ಯದ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಕಾಲೇಜಿಗಾದರೆ ಎಂಎಯಲ್ಲಿ 55 ಪರ್ಸೆಂಟ್ ಮತ್ತು ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ. ಎಂಎ ಒಂದೇ ಇಟ್ಟುಕೊಂಡರೆ ಯಾವ ಬಾಗಿಲೂ ತೆರೆಯುವುದಿಲ್ಲ. ಈ ಒಂದು ಮಾತನ್ನು ಡಿಗ್ರಿಯ ಮೊದಲ ವರ್ಷದಲ್ಲೇ ಯಾರಾದರೂ ಮಕ್ಕಳನ್ನು ಕೂರಿಸಿ ಹೇಳಬೇಕು. ನನಗೆ ಯಾರೂ ಹೇಳಲಿಲ್ಲ.

ಇದರೊಳಗೆ ಇನ್ನೊಂದು ವಿಷಯ ಉಂಟು. ಹೈಸ್ಕೂಲ್ ನೇಮಕ ಜಿಲ್ಲೆಯ ಲೆಕ್ಕದಲ್ಲಿ ನಡೆಯುತ್ತದೆ. ಗಣಿತ, ವಿಜ್ಞಾನ, ಸಮಾಜ ಪಾಠಗಳಿಗೂ 'ಕನ್ನಡ ಮಾಧ್ಯಮ' ಎಂದೇ ಬೇರೆ ಹುದ್ದೆಗಳು ಉಂಟು. ಹೈಯರ್ ಸೆಕೆಂಡರಿ ನೇಮಕ ಇಡೀ ರಾಜ್ಯಕ್ಕೆ ಒಂದೇ. ನಮ್ಮ ಪಕ್ಕದ ಮನೆಯ ಹುಡುಗ ಬಿಎಸ್ಸಿ ಗಣಿತ. ಅವನು ಎಂಎಸ್ಸಿ ಮಾಡಿ ಹೈಯರ್ ಸೆಕೆಂಡರಿಗೆ ಹೊರಟರೆ ತಿರುವನಂತಪುರದವರೆಗಿನ ಎಲ್ಲರ ಜೊತೆ ಸ್ಪರ್ಧಿಸಬೇಕು. ಬಿಎಡ್ ಮಾಡಿ ಕನ್ನಡ ಮಾಧ್ಯಮದ ಹೈಸ್ಕೂಲ್ ಹುದ್ದೆಗೆ ಬರೆದರೆ ಎದುರಿಗೆ ಇರುವವರು ಅವನ ಹಾಗೆಯೇ ಕನ್ನಡದಲ್ಲಿ ಗಣಿತ ಕಲಿತವರು. ಅವನಿಗೆ ನಾನು ಸಂಶಯವೇ ಇಲ್ಲದೆ "ಮೊದಲು ಬಿಎಡ್ ಮಾಡು" ಎಂದೆ. ಅಕ್ಕನ ಮಗಳಿಗೆ ಹಾಗೆ ಹೇಳಲು ಆಗಲಿಲ್ಲ. ಹೈಸ್ಕೂಲಿನ ಕನ್ನಡ ಹುದ್ದೆಗೂ ಜನ ಜಾಸ್ತಿ, ಹೈಯರ್ ಸೆಕೆಂಡರಿ ಕನ್ನಡಕ್ಕೆ ಖಾಲಿ ಹುದ್ದೆಯೇ ಅಪರೂಪ. ಒಂದು ರ‍್ಯಾಂಕ್ ಲಿಸ್ಟ್ ಹೆಚ್ಚೆಂದರೆ ಮೂರು ವರ್ಷ ಬದುಕುತ್ತದೆ. ಅಷ್ಟರೊಳಗೆ ಯಾರಾದರೂ ನಿವೃತ್ತರಾದರೆ ಲಿಸ್ಟ್ ಮುಂದೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಅಲ್ಲಿಯವರೆಗೆ ದಿನವೇತನಕ್ಕೆ ಪಾಠ ಮಾಡುತ್ತಾ ಕಾಯುವವರು ನನಗೆ ತುಂಬಾ ಜನ ಗೊತ್ತು. ಒಳ್ಳೆಯ ಮಾಷ್ಟ್ರುಗಳು ಅವರು.

ಇನ್ನು, ಎಂಎ ಎಲ್ಲಿ ಮಾಡುವುದು? ಕನ್ನಡ ಎಂಎಗೆ ನಮ್ಮ ಹತ್ತಿರ ಮೂರು ದಾರಿ. ವಿದ್ಯಾನಗರದ ಕಾಸರಗೋಡು ಸರ್ಕಾರಿ ಕಾಲೇಜಿನಲ್ಲೇ ಉಂಟು. 1957ರಲ್ಲಿ ಶುರುವಾದ ಕಾಲೇಜು ಅದು, ಈಗ ಕಣ್ಣೂರು ವಿಶ್ವವಿದ್ಯಾಲಯದ ಕೆಳಗೆ. ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಉಂಟು, ಅದಕ್ಕೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಮತ್ತೆ ಆಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ. ಉಪ್ಪಳದಿಂದ ಹೊರಡುವವರಿಗೆ ಕೊಣಾಜೆಯೂ ದೂರವಲ್ಲ. ಗಡಿಯ ತಲಪಾಡಿ ದಾಟಿ, ತೊಕ್ಕೊಟ್ಟಿನಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದರೆ ಮುಗಿಯಿತು.

ಕೊಣಾಜೆಗೆ ಹೋಗುವ ಆಸೆ ಯಾಕೆ ಹುಟ್ಟುತ್ತದೆ ಎಂದು ಹೇಳದಿದ್ದರೆ ನಿಮಗೆ ನಮ್ಮ ಊರು ಅರ್ಥವಾಗಲಿಕ್ಕಿಲ್ಲ. ಕನ್ನಡ ಮಾಧ್ಯಮದ ಮಗು ಹತ್ತನೇ ಕ್ಲಾಸಿನವರೆಗೆ ಎಲ್ಲವನ್ನೂ ಕನ್ನಡದಲ್ಲಿ ಕಲಿಯುತ್ತದೆ. ಪ್ಲಸ್ ಟುವಿಗೆ ಬಂದ ಕೂಡಲೇ ಪುಸ್ತಕ ಇಂಗ್ಲಿಷ್ ಆಗುತ್ತದೆ. ಮಾಷ್ಟ್ರು ವಿವರಿಸುವುದು ಮಲಯಾಳದಲ್ಲಿ. ಪಕ್ಕದ ಬೆಂಚಿನವಳ ಜೊತೆ ಮಾತು ತುಳುವಿನಲ್ಲಿ. ಅಕ್ಕನ ಮಗಳ ಪ್ಲಸ್ ಟು ಇತಿಹಾಸದ ನೋಟು ಪುಸ್ತಕ ನನ್ನ ಹತ್ತಿರ ಉಂಟು. ಸಾಲು ಇಂಗ್ಲಿಷಿನದ್ದು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಕನ್ನಡದ ಅರ್ಥ, ನಡುವೆ ಮಾಷ್ಟ್ರು ಹೇಳಿದ ಮಲಯಾಳದ ಪದಗಳು ಕನ್ನಡ ಲಿಪಿಯಲ್ಲಿ. ಒಂದು ಪುಟ ಓದಲು ಅವಳು ಪಟ್ಟ ಕಷ್ಟ ಆ ಅಂಚಿನಲ್ಲಿ ಕಾಣುತ್ತದೆ. ಸಪ್ತಭಾಷೆಗಳ ಊರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಆ ಹೆಮ್ಮೆ ನಿಜ. ಆದರೆ ಹದಿನಾರರ ಮಗುವಿಗೆ ಅದು ಭಾರವೂ ಹೌದು. ಹಾಗಾಗಿ ಬೆಳಗ್ಗೆಯಿಂದ ಸಂಜೆಯವರೆಗೆ ಕನ್ನಡದಲ್ಲೇ ಪಾಠ, ಕನ್ನಡದಲ್ಲೇ ಜಗಳ, ಕನ್ನಡದಲ್ಲೇ ಕ್ಯಾಂಟೀನ್ ಎನ್ನುವ ಜಾಗ ಸಿಕ್ಕಿದರೆ ಅಲ್ಲಿ ಎರಡು ವರ್ಷ ಇರಬೇಕು ಅನಿಸುತ್ತದೆ, ಅಲ್ವಾ? ನಾನು ಗಡಿ ದಾಟಿದ್ದು ಅದಕ್ಕೇ. ಪಂಪನನ್ನು ಒಂದೊಂದೇ ಪದ್ಯವಾಗಿ ಬಿಡಿಸಿ ಓದಿಸಿದ ಆ ಮಧ್ಯಾಹ್ನಗಳಿಗಾಗಿ ನನಗೆ ಇವತ್ತಿಗೂ ಬೇಸರ ಇಲ್ಲ.

ಬೇಸರ ಆದದ್ದು ವಾಪಸ್ ಬಂದ ಮೇಲೆ. ಕೇರಳದಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಹೊರರಾಜ್ಯದ ಡಿಗ್ರಿ ಇಲ್ಲಿಯದಕ್ಕೆ ಸಮ ಎಂಬ ಕಾಗದ ಕೇಳಿದರು. ಒಂದು ಕಚೇರಿಗೆ ಐದು ಸಲ ಹೋದೆ. ಒಮ್ಮೆ ಸಿಲೆಬಸ್ಸಿನ ಪ್ರತಿ ಬೇಕು ಎಂದರು. ಇನ್ನೊಮ್ಮೆ ಅದರ ಪ್ರತಿ ಪುಟಕ್ಕೂ ಸೀಲು ಬೇಕು ಎಂದರು. ಸೀಲಿಗಾಗಿ ಪುನಃ ಗಡಿ ದಾಟಿದೆ. ಕಾಗದ ಕೈಗೆ ಬರುವಷ್ಟರಲ್ಲಿ ನಾನು ಕಾಯುತ್ತಿದ್ದ ಅರ್ಜಿಯ ಕೊನೆಯ ದಿನ ಮುಗಿದಿತ್ತು. ಆಚೆ ಕಡೆಯೇ ಕೆಲಸ ಹುಡುಕೋಣ ಎಂದರೆ ಇಲ್ಲಿಯ ಜಾತಿ ಸರ್ಟಿಫಿಕೇಟು ಅಲ್ಲಿ ಮೀಸಲಾತಿಗೆ ನಡೆಯುವುದಿಲ್ಲ. ಅಲ್ಲಿ ನಾವು ಕೇರಳದವರು, ಇಲ್ಲಿ ಕನ್ನಡದವರು.

ಗಡಿ ಎಂಬುದು ಸುಮ್ನೆ ನಕ್ಷೆಯ ಗೆರೆ ಎಂದುಕೊಂಡಿದ್ದವರಿಗೂ 2020ರ ಮಾರ್ಚಿನಲ್ಲಿ ಅದು ಗೊತ್ತಾಯಿತು. ಕೋವಿಡ್ ಬಂದಾಗ ತಲಪಾಡಿಯಲ್ಲಿ ರಸ್ತೆ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ಮಕ್ಕಳು ಮನೆಯಲ್ಲೇ ಉಳಿದರು.

ಈಗ ಇನ್ನೊಂದು ಹೊಸ ಲೆಕ್ಕ ಸೇರಿದೆ. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು, ನಾಲ್ಕನೆಯದನ್ನೂ ಮಾಡಿದರೆ ಆನರ್ಸ್. ನಾಲ್ಕು ವರ್ಷ ಮುಗಿಸಿದವರಿಗೆ ಎಂಎ ಒಂದೇ ವರ್ಷ ಎಂಬುದು ಯುಜಿಸಿಯ ಚೌಕಟ್ಟು. ನಾಲ್ಕು ವರ್ಷದ ಡಿಗ್ರಿಯಲ್ಲಿ 75 ಪರ್ಸೆಂಟ್ ಇದ್ದರೆ ಎಂಎ ಇಲ್ಲದೆಯೂ ನೆಟ್ ಬರೆಯಬಹುದು. ಅಕ್ಕನ ಮಗಳು ಈ ಪದ್ಧತಿಯ ಮೊದಲ ತಂಡದವಳು. ಅವಳಿಗೆ ದಾರಿ ತೋರಿಸಲು ಮುಂದೆ ಹೋದವರು ಯಾರೂ ಇಲ್ಲ.

ನಾನು ಅವಳಿಗೆ ಹೇಳಿದ್ದು ಇಷ್ಟು. ಕೇರಳದಲ್ಲೇ ಕೆಲಸ ಬೇಕು ಅಂತಿದ್ದರೆ ಎಂಎ ಇಲ್ಲಿಯೇ ಮಾಡು, ವಿದ್ಯಾನಗರವಾಗಲಿ ಪೆರಿಯವಾಗಲಿ. ಜೊತೆಗೆ ಬಿಎಡ್‌ನ ಎರಡು ವರ್ಷವನ್ನೂ ಈಗಲೇ ಲೆಕ್ಕಕ್ಕೆ ಸೇರಿಸು. ಹೈಸ್ಕೂಲ್ ಸಾಕು ಅಂತಿದ್ದರೆ ಎಂಎ ಆಮೇಲೂ ಮಾಡಬಹುದು. ಸಂಶೋಧನೆ ಮಾಡುವ ಮನಸ್ಸು ನಿಜವಾಗಿಯೂ ಇದ್ದರೆ ಮಾತ್ರ ಕೊಣಾಜೆಗೆ ಹೋಗು, ಹೋಗುವ ಮೊದಲೇ ಸಿಲೆಬಸ್ಸಿಗೆ ಸೀಲು ಹಾಕಿಸಿಟ್ಟುಕೋ. ಕೆಲಸ ಸಿಗುವವರೆಗೆ ಏನಾದರೂ ಓದುತ್ತಿರೋಣ ಎಂದು ಎಂಎಗೆ ಸೇರಬೇಡ. ಆ ಎರಡು ವರ್ಷಗಳ ಖರ್ಚು ಫೀಸಿನಲ್ಲಿ ಕಾಣುವುದಿಲ್ಲ. ಸರ್ಕಾರಿ ಕಾಲೇಜಿನ ಫೀಸು ಅಕ್ಕನಿಗೆ ಭಾರವೂ ಅಲ್ಲ. ಭಾರವಾಗುವುದು ಇಪ್ಪತ್ತೈದನೇ ವಯಸ್ಸಿನಲ್ಲಿ ಮನೆಯವರ ಮುಖ ನೋಡುವುದು.

ಸೆಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು, "ಒಂದು ಸಂಜೆ ಇದರ ಜೊತೆ ಕೂತು ನೋಡು, ಆಮೇಲೆ ಮಾತಾಡುವ" ಎಂದೆ.

ಮೂರು ದಿನ ಅವಳು ಏನೂ ಹೇಳಲಿಲ್ಲ. ನಿನ್ನೆ ಕಾಲೇಜಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು. "ಮಾವ, ಹಳಗನ್ನಡದ ಪ್ರಶ್ನೆಗಳು ಮಾತ್ರ ನನಗೆ ಆಗ್ತಾ ಇಲ್ಲ. ನಿಮ್ಮ ಎಂಎ ನೋಟ್ಸ್ ಉಂಟಾ?"

ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದ್ದೇನೆ. ಗೆದ್ದಲು ಮುಟ್ಟಿಲ್ಲ.