ಬಂದೂಕಿನ ಬೀಗ ಯಾರ ಕೈಲಿದೆ?

ಓದುಗರ ಪತ್ರ: ಪಿಯುಸಿ ಓದುವ ಮಗಳ ಜೊತೆ ಕೂತು ‘ಸೈಕೋ-ಪಾಸ್’ ಎಂಬ ಜಪಾನಿ ಅನಿಮೆಯ (ಅಲ್ಲಿನ ಕಾರ್ಟೂನ್ ಸರಣಿಯ) ಮೂರು ಕಂತು ನೋಡಿದೆ. ಅಲ್ಲಿ ಅಪರಾಧ ಮಾಡುವವರನ್ನು ಯಂತ್ರ ಮೊದಲೇ ಗುರುತಿಸುತ್ತದೆ. ಬೀದಿ ಚೊಕ್ಕಟ, ಜನ ನೆಮ್ಮದಿಯಾಗಿದ್ದಾರೆ. ನೀವು ಅದನ್ನು ‘ಕರಾಳ ಭವಿಷ್ಯದ ಕಥೆ’ ಎಂದು ಬರೆದಿದ್ದೀರಿ. ನನಗಂತೂ ಒಳ್ಳೆಯ ಊರೇ ಅನ್ನಿಸಿತು. ಅದರಲ್ಲಿ ತಪ್ಪೇನಿದೆ? ಮಗಳು ಮುಂದೆ ನೋಡಬಹುದಾ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಮಕ್ಕಳು ನೋಡುವುದನ್ನು ಪಕ್ಕದಲ್ಲಿ ಕೂತು ನೋಡುವ ಅಪ್ಪಂದಿರು ಕಮ್ಮಿ. ‘ಒಳ್ಳೆಯ ಊರು’ ಅಂದಿರಲ್ಲ, ಕಥೆಯಲ್ಲಿರುವ ಜನರೂ ಹಾಗೇ ಅಂದುಕೊಂಡಿದ್ದಾರೆ!

2012ರ ಅಕ್ಟೋಬರ್‌ನಲ್ಲಿ ಜಪಾನಿನ ಫುಜಿ ಟೀವಿಯಲ್ಲಿ ಶುರುವಾದ ಸರಣಿ ಇದು. ಕಥೆ ಗೆನ್ ಉರೋಬುಚಿ ಅವರದ್ದು. ನಡೆಯುವುದು ನೂರು ವರ್ಷ ಮುಂದೆ, 2112ರಲ್ಲಿ. ಸಿಬಿಲ್ ಎಂಬ ವ್ಯವಸ್ಥೆ ಪ್ರತಿಯೊಬ್ಬರ ಮನಸ್ಸನ್ನೂ ಅಳೆದು, ಅಪರಾಧ ಮಾಡುವ ಸಾಧ್ಯತೆ ಎಷ್ಟು ಎಂದು ಒಂದು ಸಂಖ್ಯೆ ಕೊಡುತ್ತದೆ. ಪೊಲೀಸರ ಬಂದೂಕಿಗೂ ಅದೇ ಆಧಾರ. ಎದುರಿಗಿರುವವರ ಸಂಖ್ಯೆ 100 ದಾಟದಿದ್ದರೆ ಟ್ರಿಗರ್ ಬೀಗ ಬಿಚ್ಚುವುದೇ ಇಲ್ಲ. ದಾಟಿದರೆ ಪ್ರಜ್ಞೆ ತಪ್ಪಿಸುತ್ತದೆ, 300 ದಾಟಿದರೆ ಕೊಂದುಬಿಡುತ್ತದೆ.

ಮೊದಲ ಕಂತನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ಒಬ್ಬ ಒಂದು ಹೆಂಗಸನ್ನು ಎಳೆದುಕೊಂಡು ಹೋಗಿ ಹಿಂಸಿಸುತ್ತಾನೆ. ಪೊಲೀಸರು ಅವನನ್ನು ಮುಗಿಸುತ್ತಾರೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಆದರೆ ಭಯದಲ್ಲಿ ನಡುಗುತ್ತಿರುವ ಆ ಹೆಂಗಸಿನ ಸಂಖ್ಯೆಯೂ ಏರಿದೆ. ಆಸ್ಪತ್ರೆಯಲ್ಲಿ ತೋಳಿಗೆ ಪಟ್ಟಿ ಸುತ್ತುತ್ತಿದ್ದ ಹಾಗೆಯೇ ನನ್ನ ಬಿಪಿ ಏರುತ್ತದೆ. ಡಾಕ್ಟರು ನಕ್ಕು, ಐದು ನಿಮಿಷ ಕೂರಿ ಅನ್ನುತ್ತಾರೆ. ಸಿಬಿಲ್‌ಗೆ ಆ ಐದು ನಿಮಿಷ ಇಲ್ಲ. ಬಂದೂಕು ಕಂಡು ಅವಳು ಓಡುತ್ತಾಳೆ, ಚೆಲ್ಲಿದ ಇಂಧನದ ನಡುವೆ ಲೈಟರ್ ಹಿಡಿದು ನಿಲ್ಲುತ್ತಾಳೆ. ಸಂಖ್ಯೆ 300 ದಾಟುತ್ತದೆ. ಅವಳ ತಪ್ಪೇನು? ಹೆದರಿದ್ದು. ಅವತ್ತಷ್ಟೇ ಪೊಲೀಸ್ ಕೆಲಸಕ್ಕೆ ಸೇರಿದ ಅಕಾನೆ ಎಂಬ ಹುಡುಗಿ, ಆ ಹೆಂಗಸನ್ನು ಕೊಲ್ಲಹೊರಟ ತನ್ನ ಕಡೆಯವನಿಗೇ ಗುಂಡು ಹೊಡೆದು ಬೀಳಿಸುತ್ತಾಳೆ. ಆಮೇಲೆ ಮಾತಾಡುತ್ತಾಳೆ, ಸುಮ್ನೆ ಮಾತು ಅಷ್ಟೇ. ಸಂಖ್ಯೆ ಇಳಿಯುತ್ತದೆ. ಯಂತ್ರ ಕೊಲ್ಲು ಎಂದಿದ್ದ ಹೆಂಗಸು ಬದುಕುತ್ತಾಳೆ.

ಯಂತ್ರ ಒಮ್ಮೊಮ್ಮೆ ತಪ್ಪು ಎಣಿಸಿದರೆ ಸರಿಪಡಿಸಬಹುದು ಎಂದು ನೀವು ಕೇಳಬಹುದು. ನನ್ನನ್ನು ಜಾಸ್ತಿ ಕಾಡಿದ್ದು ಅದಲ್ಲ. 11ನೇ ಕಂತಿನಲ್ಲಿ ಮಾಕಿಷಿಮಾ ಎಂಬವನು ಅಕಾನೆಯ ಕಣ್ಣೆದುರೇ ಅವಳ ಗೆಳತಿಯ ಕುತ್ತಿಗೆಗೆ ಕತ್ತಿ ಹಿಡಿಯುತ್ತಾನೆ. ಅಕಾನೆ ಗುರಿ ಇಡುತ್ತಾಳೆ. ಅವನ ಸಂಖ್ಯೆ ಏರುವ ಬದಲು ಇಳಿಯುತ್ತಾ ಹೋಗುತ್ತದೆ. ಟ್ರಿಗರ್ ಬೀಗ ಬಿಚ್ಚುವುದಿಲ್ಲ. ಅವಳ ಹತ್ತಿರ ಬೇಟೆಯ ಬಂದೂಕೂ ಇದೆ, ಬೀಗವಿಲ್ಲದ್ದು. ‘ಅದರಲ್ಲಿ ಹೊಡಿ’ ಎಂದು ಅವನೇ ಕರೆಯುತ್ತಾನೆ. ಅವಳು ಹೊಡೆಯುತ್ತಾಳೆ, ಗುರಿ ತಪ್ಪುತ್ತದೆ. ಯಾರಿಗೆ ಹೊಡೆಯಬೇಕು, ಯಾವಾಗ ಹೊಡೆಯಬೇಕು ಎಂದು ಆ ಕೈ ತಾನಾಗಿ ಯಾವತ್ತೂ ನಿರ್ಧರಿಸಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮುಂದೆ ಬರುತ್ತದೆ. ಪಕ್ಕದವರ ಸಂಖ್ಯೆಯನ್ನು ನಕಲು ಮಾಡುವ ಹೆಲ್ಮೆಟ್ ಹಾಕಿಕೊಂಡವನೊಬ್ಬ ನಡುಬೀದಿಯಲ್ಲಿ ಒಬ್ಬಳನ್ನು ಸುತ್ತಿಗೆಯಿಂದ ಹೊಡೆದು ಕೊಲ್ಲುತ್ತಾನೆ. ಜನ ಸುತ್ತ ನಿಂತು ನೋಡುತ್ತಾರೆ. ಅವರು ಕಲ್ಲು ಹೃದಯದವರೇನಲ್ಲ. ಕಣ್ಣ ಮುಂದೆ ನಡೆಯುತ್ತಿರುವುದು ಕೊಲೆ ಎಂದೇ ಅವರಿಗೆ ತಿಳಿಯುವುದಿಲ್ಲ! ನೀವು ಮೆಚ್ಚಿದ ಚೊಕ್ಕಟ ಬೀದಿ ಇದೇ. ನಾವು ‘ಕರಾಳ’ ಎಂದು ಬರೆದದ್ದು ಇದಕ್ಕೆ.

ಸಿಬಿಲ್ ಒಳಗೆ ಏನಿದೆ ಎಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಿಮ್ಮ ಮಗಳು ನನಗೆ ಪತ್ರ ಬರೆದು ಬೈಯುತ್ತಾಳೆ. ಮೊದಲ ಸೀಸನ್ 22 ಕಂತು. ರಕ್ತ ಜಾಸ್ತಿ ಇದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ. ಪಿಯುಸಿ ಹುಡುಗಿ ನೋಡಬಹುದು, ನೀವೂ ಪಕ್ಕದಲ್ಲಿರಿ. 11ನೇ ಕಂತನ್ನು ಮಾತ್ರ ಊಟ ಮುಗಿಸಿ ನೋಡಿ.