ಇನ್‌ಸ್ಟಾಲರ್‌ನ ಟಿಕ್ ಬಾಕ್ಸ್‌ಗಳು: ಪ್ಯಾಕೇಜ್ ಗುಂಪು ಕಟ್ಟುವವರ ಐದು ಪ್ರಶ್ನೆಗಳು

(ಕಮಾಂಡು, ಫೈಲು, ಪ್ಯಾಕೇಜ್‌ಗಳ ಹೆಸರನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.)

ಪ್ರಶ್ನೆ: ಸರ್, ನಮ್ಮ ಕಾಲೇಜಿನ ಲ್ಯಾಬ್‌ಗೆ ಫೆಡೋರಾ ಲಿನಕ್ಸ್‌ನ ಪ್ಯಾಕೇಜ್‌ಗಳನ್ನೇ ಬಳಸಿ ನಮ್ಮದೇ ಇನ್‌ಸ್ಟಾಲ್ ಡಿವಿಡಿ ಮಾಡುತ್ತಿದ್ದೇವೆ. ಪ್ಯಾಕೇಜ್ ಗುಂಪುಗಳನ್ನು ಬರೆದಿಡುವ ಕಾಂಪ್ಸ್ ಫೈಲಿನಲ್ಲಿ 34 ಗುಂಪುಗಳಾಗಿವೆ. ಇನ್‌ಸ್ಟಾಲ್ ಮಾಡುವ ಹುಡುಗರಿಗೆ ಯಾವುದು ಬೇಕು, ಯಾವುದು ಬೇಡ ಗೊತ್ತಾಗದೆ ಎಲ್ಲಕ್ಕೂ ಟಿಕ್ ಹಾಕುತ್ತಾರೆ. ಹೇಗೆ ವಿಂಗಡಿಸಬೇಕು?

ಉತ್ತರ: ಒಂದೊಂದು ಟಿಕ್ ಬಾಕ್ಸೂ ನೀವು ಆ ಹುಡುಗರಿಗೆ ಕೇಳುವ ಒಂದೊಂದು ಪ್ರಶ್ನೆ. 34 ಪ್ರಶ್ನೆ ಕೇಳಿದರೆ ಯಾರೂ ಓದಿ ಉತ್ತರ ಕೊಡುವುದಿಲ್ಲ. ಹಾಗಂತ ಗುಂಪುಗಳನ್ನು ಅಳಿಸಬೇಕಾಗಿಯೂ ಇಲ್ಲ, ಹೆಚ್ಚಿನವನ್ನು ಮರೆಮಾಡಿದರೆ ಸಾಕು.

ಫೆಡೋರಾದ ಇನ್‌ಸ್ಟಾಲರ್ ಆದ ಅನಕೊಂಡದಲ್ಲಿ ಸಾಫ್ಟ್‌ವೇರ್ ಆರಿಸುವ ಪರದೆ ಎರಡು ಭಾಗ. ಎಡಕ್ಕೆ ಎನ್ವಿರಾನ್‌ಮೆಂಟ್‌ಗಳು (ಡೆಸ್ಕ್‌ಟಾಪ್‌ನಂಥ ಮೂಲ ಆಯ್ಕೆಗಳು), ಅವುಗಳಲ್ಲಿ ಒಂದನ್ನಷ್ಟೇ ಆರಿಸಬಹುದು. ಬಲಕ್ಕೆ ಅದರ ಜೊತೆಗೆ ಬೇಕಾದರೆ ಸೇರಿಸಿಕೊಳ್ಳುವ ಗುಂಪುಗಳು. ಫೆಡೋರಾ 18ರಿಂದ ಇದೇ ವ್ಯವಸ್ಥೆ. ಕಾಂಪ್ಸ್ ಫೈಲಿನಲ್ಲಿ ಪ್ರತಿ ಎನ್ವಿರಾನ್‌ಮೆಂಟ್‌ಗೂ ಎರಡು ಪಟ್ಟಿ ಇರುತ್ತವೆ. ಗ್ರೂಪ್‌ಲಿಸ್ಟ್‌ನಲ್ಲಿ ಹಾಕಿದ ಗುಂಪುಗಳು ಕೇಳದೆಯೇ ಬರುತ್ತವೆ. ಆಪ್ಷನ್‌ಲಿಸ್ಟ್‌ನಲ್ಲಿರುವವು ಬಲಗಡೆ ಟಿಕ್ ಬಾಕ್ಸ್ ಆಗುತ್ತವೆ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ತಪ್ಪುವುದು ಮೂರನೆಯ ಕಡೆ: ಎರಡೂ ಪಟ್ಟಿಯಲ್ಲಿಲ್ಲದ, ಆದರೆ ಯೂಸರ್‌ವಿಸಿಬಲ್ ಎಂಬಲ್ಲಿ ಟ್ರೂ ಇರುವ ಗುಂಪುಗಳೆಲ್ಲ ಬಲಗಡೆ ಗೆರೆಯ ಕೆಳಗೆ ಬಂದು ಕೂರುತ್ತವೆ, ಯಾವ ಎನ್ವಿರಾನ್‌ಮೆಂಟ್ ಆರಿಸಿದರೂ ಅಷ್ಟೇ. ನಿಮ್ಮ ಹುಡುಗರನ್ನು ದಿಕ್ಕು ತಪ್ಪಿಸುತ್ತಿರುವುದು ಬಹುತೇಕ ಈ ಬಾಲವೇ. ಫಾಂಟು, ಡ್ರೈವರು, ಎಕ್ಸ್ ಸರ್ವರು, ನೆಟ್‌ವರ್ಕ್‌ಮ್ಯಾನೇಜರ್ ಇಂಥ ಗುಂಪುಗಳ ಯೂಸರ್‌ವಿಸಿಬಲ್ ಅನ್ನು ಫಾಲ್ಸ್ ಮಾಡಿ, ಗ್ರೂಪ್‌ಲಿಸ್ಟ್‌ನಿಂದಲೇ ಎಳೆದುಕೊಳ್ಳಿ. ಮೂಲ ವ್ಯವಸ್ಥೆಯ ಕೋರ್ ಗುಂಪನ್ನು ಅನಕೊಂಡ ತಾನಾಗಿಯೇ ಹಾಕುತ್ತದೆ. ಬಲಗಡೆ ಆರೇಳಕ್ಕಿಂತ ಹೆಚ್ಚು ಬಾಕ್ಸ್ ಇರಬಾರದು ಎಂಬುದು ನಮ್ಮ ಅಭಿಪ್ರಾಯ.

ಉಳಿದ ಗುಂಪುಗಳಿಗೆ ಕೆಲಸದ ಹೆಸರಿಡಿ. "ಜಿಟಿಕೆ ಅಪ್ಲಿಕೇಶನ್‌ಗಳು" ಎಂದರೆ ಇನ್‌ಸ್ಟಾಲ್ ಮಾಡುವವನಿಗೆ ಏನೂ ತಿಳಿಯದು, "ಕಚೇರಿ ಕೆಲಸ" ಎಂದರೆ ತಿಳಿಯುತ್ತದೆ. ನೇಮ್ ಟ್ಯಾಗನ್ನು ಮೊದಲು ಇಂಗ್ಲಿಷ್‌ನಲ್ಲಿ ಬರೆದು, ಅದರ ಕೆಳಗೆ ಎಕ್ಸ್‌ಎಂಎಲ್ ಲ್ಯಾಂಗ್ ಕೆಎನ್ ಎಂದು ಗುರುತಿಸಿದ ಇನ್ನೊಂದು ನೇಮ್ ಟ್ಯಾಗ್ ಸೇರಿಸಿದರೆ ಕನ್ನಡ ಹೆಸರನ್ನೂ ಕೊಡಬಹುದು. ಡಿಸ್ಕ್ರಿಪ್ಷನ್‌ಗೂ ಹಾಗೆಯೇ.

ಗುಂಪಿನ ಒಳಗೆ ಪ್ರತಿ ಪ್ಯಾಕೇಜ್‌ಗೂ ಒಂದು ಟೈಪ್ ಇರುತ್ತದೆ: ಮ್ಯಾಂಡೇಟರಿ, ಡೀಫಾಲ್ಟ್, ಆಪ್ಷನಲ್, ಕಂಡೀಷನಲ್. ಕಚೇರಿ ಕೆಲಸದ ಗುಂಪನ್ನೇ ನೋಡೋಣ. ಲಿಬ್ರೆಆಫೀಸ್ ರೈಟರ್ ಮತ್ತು ಕ್ಯಾಲ್ಕ್ ಇಲ್ಲದಿದ್ದರೆ ಆ ಹೆಸರಿಗೆ ಅರ್ಥವಿಲ್ಲ, ಹಾಗಾಗಿ ಎರಡೂ ಮ್ಯಾಂಡೇಟರಿ. ಇಂಪ್ರೆಸ್ ಬಹಳ ಜನಕ್ಕೆ ಬೇಕು, ಬೇಡದವರು ಬಿಡಬಹುದು, ಅದು ಡೀಫಾಲ್ಟ್. ಬೇಸ್, ಮ್ಯಾಥ್ ಆಪ್ಷನಲ್; ಟಿಕ್ ಹಾಕಿದರೂ ಬರುವುದಿಲ್ಲ, ಕಿಕ್‌ಸ್ಟಾರ್ಟ್‌ನಲ್ಲಿ (ಇನ್‌ಸ್ಟಾಲರ್‌ಗೆ ಉತ್ತರಗಳನ್ನು ಮೊದಲೇ ಬರೆದುಕೊಡುವ ಫೈಲು) ಗುಂಪಿನ ಹೆಸರಾದ ಮೇಲೆ ಆಪ್ಷನಲ್ ಎಂದು ಬರೆದರೆ ಮಾತ್ರ ಬರುತ್ತವೆ. ಲಿಬ್ರೆಆಫೀಸ್ ಕೋರ್ ಅನ್ನು ಪಟ್ಟಿಯಲ್ಲಿ ಬರೆಯಲೇಬೇಡಿ. ರೈಟರ್‌ನ ಡಿಪೆಂಡೆನ್ಸಿಯಾಗಿ (ಅದು ಓಡಲು ಬೇಕಾದ ಪ್ಯಾಕೇಜ್ ಆಗಿ) ಅದು ಬಂದೇ ಬರುತ್ತದೆ. ಲೈಬ್ರರಿಗಳ ಹೆಸರನ್ನು ಗುಂಪಿನಲ್ಲಿ ಬರೆದಿಟ್ಟರೆ ಮುಂದಿನ ಆವೃತ್ತಿಯಲ್ಲಿ ಹೆಸರು ಬದಲಾದಾಗ ನಿಮ್ಮ ಪಟ್ಟಿ ಹಳಸುತ್ತದೆ.

ಎಲ್ಲಿ ಯಾವುದನ್ನು ಬರೆಯಬೇಕು ಎಂಬ ಗೊಂದಲ ಬಂದಾಗಲೆಲ್ಲ ಹೀಗೆ ಕೇಳಿಕೊಳ್ಳಿ: ಅದಿಲ್ಲದೆ ಪ್ರೋಗ್ರಾಂ ಓಡುವುದೇ ಇಲ್ಲವೇ? ಹಾಗಿದ್ದರೆ ಅದು ಪ್ಯಾಕೇಜ್‌ನ ರಿಕ್ವೈರ್ಸ್‌ಗೆ ಸೇರಿದ್ದು. ಓಡುತ್ತದೆ, ಆದರೆ ಜೊತೆಗಿದ್ದರೆ ಚೆನ್ನವೇ? ರೆಕಮೆಂಡ್ಸ್. ತಾಂತ್ರಿಕ ಸಂಬಂಧ ಏನೂ ಇಲ್ಲ, ಈ ಕೆಲಸ ಮಾಡುವವರಿಗೆ ಬೇಕಾಗುತ್ತದೆ ಅಷ್ಟೇ ಎನ್ನುವುದಾದರೆ ಮಾತ್ರ ಗುಂಪು.

ಡಿವಿಡಿ ಸುಡುವ ಮೊದಲು ಮೂರು ಪರೀಕ್ಷೆ ಮಾಡಿ. ಎಕ್ಸ್‌ಎಂಎಲ್‌ಲಿಂಟ್‌ಗೆ ನೋಔಟ್ ಆಯ್ಕೆ ಕೊಟ್ಟು ಕಾಂಪ್ಸ್ ಫೈಲನ್ನು ಓದಿಸಿ; ವಿವರಣೆಯ ನಡುವೆ ಬರಿಯ ಆಂಪರ್‌ಸ್ಯಾಂಡ್ ಗುರುತು ಹಾಕಿಬಿಟ್ಟಿರುವುದು ನಾವು ಹೆಚ್ಚಾಗಿ ಕಾಣುವ ತಪ್ಪು. ಆಮೇಲೆ ಕ್ರಿಯೇಟ್‌ರೆಪೋ ಸಿ ಓಡಿಸುವಾಗ ಜಿ ಆಯ್ಕೆಯಲ್ಲಿ ಈ ಫೈಲನ್ನು ಕೊಡಿ. ಹೊಸ ರೆಪೋ (ಪ್ಯಾಕೇಜ್‌ಗಳ ಸಂಗ್ರಹ) ಕಟ್ಟುವಾಗ ಅದನ್ನು ಮರೆತರೆ ಪ್ಯಾಕೇಜ್‌ಗಳೆಲ್ಲ ಇರುತ್ತವೆ, ಗುಂಪು ಒಂದೂ ಇರುವುದಿಲ್ಲ. ಕೊನೆಗೆ ಒಂದು ಖಾಲಿ ಡೈರೆಕ್ಟರಿಯನ್ನು ಇನ್‌ಸ್ಟಾಲ್‌ರೂಟ್ ಮಾಡಿ, ರಿಲೀಸ್‌ವರ್ (ಫೆಡೋರಾ ಆವೃತ್ತಿ) ಕೊಟ್ಟು, ನಿಮ್ಮ ರೆಪೋ ಒಂದನ್ನೇ ತೋರಿಸಿ, ಫೆಡೋರಾದಲ್ಲಿ ಪ್ಯಾಕೇಜ್ ಹಾಕುವ ಕಮಾಂಡಾದ ಡಿಎನ್‌ಎಫ್‌ನ ಗ್ರೂಪ್ ಇನ್‌ಸ್ಟಾಲ್ ಅನ್ನು ಅಸ್ಯೂಮ್‌ನೋ ಜೊತೆ ಓಡಿಸಿ. ಏನೇನು ಬರುತ್ತದೆ, ಡಿಸ್ಕ್‌ನಲ್ಲಿ ಎಷ್ಟು ಜಾಗ ತಿನ್ನುತ್ತದೆ ಎಲ್ಲ ತೋರಿಸಿ, ಏನನ್ನೂ ಹಾಕದೆ ಹೊರಬರುತ್ತದೆ. "ನೋ ಮ್ಯಾಚ್ ಫಾರ್ ಗ್ರೂಪ್ ಪ್ಯಾಕೇಜ್" ಎಂಬ ಸಾಲು ಕಂಡರೆ ಆ ಪ್ಯಾಕೇಜ್ ರೆಪೋದಲ್ಲಿಲ್ಲ ಅಥವಾ ಹೆಸರು ತಪ್ಪಾಗಿದೆ.

ಒಮ್ಮೆ ಹಂಚಿದ ಮೇಲೆ ಗುಂಪಿನ ಐಡಿಯನ್ನು ಬದಲಿಸಬೇಡಿ, ಹೆಸರನ್ನು ಬೇಕಾದರೆ ಬದಲಿಸಿ. ಕಿಕ್‌ಸ್ಟಾರ್ಟ್ ಫೈಲುಗಳು ನೋಡುವುದು ಐಡಿಯನ್ನೇ. ಗುಂಪಿನಿಂದ ಪ್ಯಾಕೇಜ್ ತೆಗೆಯುವಾಗಲೂ ಯೋಚಿಸಿ: ಯಾರಾದರೂ ಡಿಎನ್‌ಎಫ್ ಗ್ರೂಪ್ ಅಪ್‌ಗ್ರೇಡ್ ಮಾಡಿದರೆ, ಪಟ್ಟಿಯಿಂದ ಬಿಟ್ಟುಹೋದ ಪ್ಯಾಕೇಜ್ ಅವರ ಕಂಪ್ಯೂಟರ್‌ನಿಂದಲೂ ಹೋಗುತ್ತದೆ, ಅವರೇ ಕೈಯಾರೆ ಹಾಕಿಕೊಂಡಿದ್ದರೆ ಮಾತ್ರ ಉಳಿಯುತ್ತದೆ.

ಪ್ರಶ್ನೆ: ಡಿವಿಡಿ ಗಾತ್ರ ಇಳಿಸಲು ಕಿಕ್‌ಸ್ಟಾರ್ಟ್‌ನ ಪ್ಯಾಕೇಜಸ್ ಸಾಲಿನಲ್ಲಿ ಎಕ್ಸ್‌ಕ್ಲೂಡ್ ವೀಕ್‌ಡೆಪ್ಸ್ ಹಾಕಿದೆ. ಲ್ಯಾಂಗ್‌ಪ್ಯಾಕ್ಸ್ ಕೆಎನ್ ಪಟ್ಟಿಯಲ್ಲಿದೆ, ಇನ್‌ಸ್ಟಾಲ್ ಕೂಡ ಆಗಿದೆ. ಆದರೂ ಲಿಬ್ರೆಆಫೀಸ್ ಮೆನು ಇಂಗ್ಲಿಷ್‌ನಲ್ಲೇ ಇದೆ, ಕೆಲವು ಕಡೆ ಕನ್ನಡದ ಬದಲು ಚೌಕಗಳು ಕಾಣುತ್ತವೆ. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಉತ್ತರ: ಎರರ್ ಇಲ್ಲದಿರುವುದೇ ಇಲ್ಲಿ ಸುಳಿವು. ಲ್ಯಾಂಗ್‌ಪ್ಯಾಕ್ಸ್ ಕೆಎನ್ ಹೆಸರಿಗೆ ಭಾಷಾ ಪ್ಯಾಕೇಜ್, ಒಳಗೆ ಅನುವಾದವೂ ಇಲ್ಲ, ಫಾಂಟೂ ಇಲ್ಲ. ಅದು ಒಂದು ಗುರುತಿನ ಕಂಬ ಇದ್ದಂತೆ. ಫೆಡೋರಾ 24ರಿಂದ ಲಿಬ್ರೆಆಫೀಸ್‌ನ ಕನ್ನಡ ಪ್ಯಾಕೇಜ್ ತನ್ನಲ್ಲೇ ಹೀಗೆ ಬರೆದುಕೊಂಡಿರುತ್ತದೆ: "ಲಿಬ್ರೆಆಫೀಸ್ ಕೋರ್ ಮತ್ತು ಲ್ಯಾಂಗ್‌ಪ್ಯಾಕ್ಸ್ ಕೆಎನ್ ಎರಡೂ ಇದ್ದರೆ ನನ್ನನ್ನೂ ಕರೆದುಕೊಳ್ಳಿ." ಇದಕ್ಕೆ ಸಪ್ಲಿಮೆಂಟ್ಸ್ ಎನ್ನುತ್ತಾರೆ, ರೆಕಮೆಂಡ್ಸ್‌ನ ಹಾಗೆ ಇದೂ ವೀಕ್ ಡಿಪೆಂಡೆನ್ಸಿಯೇ, ಅಂದರೆ ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುವಂಥದ್ದು. ನೀವು ವೀಕ್ ಡಿಪೆಂಡೆನ್ಸಿಗಳೇ ಬೇಡ ಎಂದಿರಿ, ಇನ್‌ಸ್ಟಾಲರ್ ಹೇಳಿದಷ್ಟು ಮಾಡಿತು. ಕಂಬ ನೆಟ್ಟಿದೆ, ನೋಡಿಕೊಂಡು ಬರುವವರನ್ನು ತಡೆದಿದೆ. ಸಿಸ್ಟಮ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ಕನ್ನಡ ಲೊಕೇಲ್ (ಭಾಷಾ ಸೆಟ್ಟಿಂಗ್) ಪ್ಯಾಕೇಜ್ ಕೂಡ ಇದೇ ದಾರಿಯಲ್ಲಿ ಬರುವಂಥದ್ದು.

ಇನ್ನೊಂದು ಮಾತು. ಈ ಆಯ್ಕೆಯಿಂದ ಡಿವಿಡಿ ಗಾತ್ರ ಒಂದು ಬೈಟೂ ಇಳಿಯುವುದಿಲ್ಲ. ಇಳಿಯುವುದು ಹಾರ್ಡ್ ಡಿಸ್ಕ್‌ಗೆ ಹೋಗುವ ಪ್ಯಾಕೇಜ್‌ಗಳ ಲೆಕ್ಕ. ಡಿವಿಡಿ ಎಷ್ಟು ದೊಡ್ಡದು ಎಂಬುದು ರೆಪೋದಲ್ಲಿ ನೀವು ಎಷ್ಟು ಆರ್‌ಪಿಎಂ (ಪ್ಯಾಕೇಜ್) ಫೈಲು ತುಂಬಿದ್ದೀರಿ ಎಂಬುದರ ಮೇಲೆ ನಿಂತಿದೆ. ಗಾತ್ರದ ಮಿತಿ ಎರಡು ಕಡೆ ಅಡ್ಡ ಬರುತ್ತದೆ: ಒಂದು ಪದರದ ಡಿವಿಡಿಗೆ 4.7 ಜಿಬಿ; ಐಎಸ್‌ಒ ಫೈಲನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಫೈಲಾಗಿಯೇ ನಕಲು ಮಾಡುವುದಾದರೆ 4,29,49,67,295 ಬೈಟು, ಅದಕ್ಕಿಂತ ಒಂದು ಬೈಟು ಹೆಚ್ಚಾದರೂ ಆಗದು. ಪೆನ್‌ಡ್ರೈವ್‌ಗೆ ನೇರವಾಗಿ ಬರೆದರೆ ಈ ಎರಡನೆಯ ತೊಂದರೆ ಇಲ್ಲ.

ಆ ಆಯ್ಕೆಯನ್ನು ತೆಗೆದುಹಾಕಿ. ಬೇಡದ ದೊಡ್ಡ ಪ್ಯಾಕೇಜ್‌ಗಳನ್ನು ಒಂದೊಂದಾಗಿ, ಹೆಸರಿನ ಮೊದಲಿಗೆ ಮೈನಸ್ ಗುರುತು ಹಾಕಿ ಬಿಡಿ. ಬೇರೆ ಯಾವುದಾದರೂ ಪ್ಯಾಕೇಜ್‌ಗೆ ಅದು ರಿಕ್ವೈರ್ಸ್ ಆಗಿದ್ದರೆ ಇನ್‌ಸ್ಟಾಲರ್ ಡಿಪೆಂಡೆನ್ಸಿ ತಪ್ಪೆಂದು ಅಲ್ಲೇ ನಿಲ್ಲುತ್ತದೆ, ಅಂದರೆ ತಪ್ಪು ಕಣ್ಣಿಗಾದರೂ ಬೀಳುತ್ತದೆ. ಆಯ್ಕೆ ಇರಲೇಬೇಕು ಎಂದಿದ್ದರೆ "ಕನ್ನಡ" ಎಂಬ ಗುಂಪು ಮಾಡಿ ಇವನ್ನು ಮ್ಯಾಂಡೇಟರಿಯಾಗಿ ಹೆಸರಿಸಿ: ಲಿಬ್ರೆಆಫೀಸ್ ಲ್ಯಾಂಗ್‌ಪ್ಯಾಕ್ ಕೆಎನ್, ಜಿಲಿಬ್‌ಸಿ ಲ್ಯಾಂಗ್‌ಪ್ಯಾಕ್ ಕೆಎನ್, ಲೋಹಿತ್ ಕನ್ನಡ ಅಥವಾ ನೋಟೋ ಸ್ಯಾನ್ಸ್ ಕನ್ನಡ ಫಾಂಟು, ಐಬಸ್ ಎಂ17ಎನ್. ಕೊನೆಯದನ್ನು ಬಿಟ್ಟರೆ ಕನ್ನಡ ಓದಲು ಬರುತ್ತದೆ, ಬರೆಯಲು ಕಷ್ಟ. ನುಡಿಯಲ್ಲಿ ಕೆಜಿಪಿ ಕೀಲಿಮಣೆಗೆ ಕೈ ಪಳಗಿದವರು ಐಬಸ್‌ನ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಬಿಟ್ಟು ಕೆಜಿಪಿಯನ್ನೇ ಆರಿಸಿಕೊಳ್ಳಬಹುದು.

ಈ ಆರ್‌ಪಿಎಂ ಫೈಲುಗಳು ಡಿವಿಡಿಯ ರೆಪೋದಲ್ಲಿ ಇವೆಯೇ ಎಂದೂ ನೋಡಿಕೊಳ್ಳಿ. ವೀಕ್ ಡಿಪೆಂಡೆನ್ಸಿ ಸಿಗದಿದ್ದರೆ ಡಿಎನ್‌ಎಫ್ ತುಟಿಪಿಟಕ್ ಎನ್ನದೆ ಮುಂದೆ ಹೋಗುತ್ತದೆ. ಇನ್‌ಸ್ಟಾಲ್ ಆದ ಮೇಲೆ ಎಫ್‌ಸಿ ಲಿಸ್ಟ್‌ಗೆ ಲ್ಯಾಂಗ್ ಕೆಎನ್ ಕೊಟ್ಟರೆ ಕನ್ನಡ ಬಲ್ಲ ಫಾಂಟುಗಳು ಕಾಣಬೇಕು, ಲೊಕೇಲ್ ಕಮಾಂಡಿಗೆ ಎ ಕೊಟ್ಟರೆ ಕೆಎನ್ ಐಎನ್ ಇರಬೇಕು. ಎರಡರಲ್ಲಿ ಯಾವುದು ಖಾಲಿಯೋ ಆ ಪ್ಯಾಕೇಜ್ ಬಂದಿಲ್ಲ.

ಪ್ರಶ್ನೆ: ಹೊಸ ಕಂಪ್ಯೂಟರ್‌ಗೆ ಗ್ನೋಮ್, ಹಳೆಯದಕ್ಕೆ ಎಕ್ಸ್‌ಎಫ್‌ಸಿಇ ಎಂದು ಎರಡು ಡೆಸ್ಕ್‌ಟಾಪ್‌ಗಳನ್ನೂ ಟಿಕ್ ಬಾಕ್ಸ್ ಮಾಡಿದ್ದೇವೆ. ಎರಡಕ್ಕೂ ಟಿಕ್ ಹಾಕಿದ ಕಂಪ್ಯೂಟರ್‌ಗಳಲ್ಲಿ ಲಾಗಿನ್ ಪರದೆ ಒಂದೊಂದರಲ್ಲಿ ಒಂದೊಂದು ಥರ ಬರುತ್ತಿದೆ.

ಉತ್ತರ: ಡೆಸ್ಕ್‌ಟಾಪನ್ನು ಟಿಕ್ ಬಾಕ್ಸ್ ಮಾಡಬೇಡಿ, ಎಡಗಡೆಯ ಎನ್ವಿರಾನ್‌ಮೆಂಟ್ ಮಾಡಿ. ಅಲ್ಲಿ ಒಂದನ್ನೇ ಆರಿಸಲು ಸಾಧ್ಯವಿರುವುದರಿಂದ ಈ ತಾಪತ್ರಯ ಹುಟ್ಟುವುದೇ ಇಲ್ಲ. ಗ್ನೋಮ್ ಜೊತೆ ಜಿಡಿಎಂ, ಎಕ್ಸ್‌ಎಫ್‌ಸಿಇ ಜೊತೆ ಲೈಟ್‌ಡಿಎಂ ಬರುತ್ತದೆ; ಲಾಗಿನ್ ಪರದೆ ತೋರಿಸುವವು ಇವೇ. ಎರಡೂ ಡಿಸ್‌ಪ್ಲೇ ಮ್ಯಾನೇಜರ್ ಡಾಟ್ ಸರ್ವಿಸ್ ಎಂಬ ಒಂದೇ ಕೊಂಡಿಗೆ ಕೈ ಹಾಕುತ್ತವೆ, ಒಂದಕ್ಕೆ ಮಾತ್ರ ಸಿಗುತ್ತದೆ. ಈಗಾಗಲೇ ಎರಡೂ ಕೂತಿರುವ ಕಂಪ್ಯೂಟರ್‌ನಲ್ಲಿ ಸಿಸ್ಟಮ್‌ಸಿಟಿಎಲ್ ಎನೇಬಲ್‌ಗೆ ಫೋರ್ಸ್ ಸೇರಿಸಿ ಒಂದನ್ನು ನಿಲ್ಲಿಸಿ. ಬರಿಯ ಎನೇಬಲ್ ಮಾಡಿದರೆ ಕೊಂಡಿ ಆಗಲೇ ಇದೆ ಎಂದು ನಿರಾಕರಿಸುತ್ತದೆ. ಗ್ನೋಮ್‌ನ ಸ್ಕ್ರೀನ್ ಲಾಕ್ ಜಿಡಿಎಂ ಅನ್ನು ನಂಬಿಕೊಂಡಿರುವುದರಿಂದ ಗ್ನೋಮ್ ಬಳಸುವ ಕಡೆ ಜಿಡಿಎಂ ಇರಲಿ.

ಎರಡಕ್ಕೂ ಸಮಾನವಾದ ಫೈರ್‌ಫಾಕ್ಸ್, ಲಿಬ್ರೆಆಫೀಸ್, ಪ್ರಿಂಟಿಂಗ್ ಬೇರೆ ಗುಂಪುಗಳಲ್ಲಿರಲಿ, ಎರಡೂ ಎನ್ವಿರಾನ್‌ಮೆಂಟ್‌ಗಳು ಅವನ್ನು ಹಂಚಿಕೊಳ್ಳಲಿ. ಕಂಡೀಷನಲ್ ಟೈಪ್ ಬೆಲೆ ಬಾಳುವುದು ಇಲ್ಲಿ. ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲೇ ಪ್ರಿಂಟರ್ ಸೇರಿಸುವ ಪುಟವಿದೆ, ಎಕ್ಸ್‌ಎಫ್‌ಸಿಇಗೆ ಸಿಸ್ಟಮ್ ಕಾನ್ಫಿಗ್ ಪ್ರಿಂಟರ್ ಬೇಕು. ಪ್ರಿಂಟಿಂಗ್ ಗುಂಪಿನಲ್ಲಿ ಅದನ್ನು ಕಂಡೀಷನಲ್ ಮಾಡಿ, ರಿಕ್ವೈರ್ಸ್ ಜಾಗದಲ್ಲಿ ಎಕ್ಸ್‌ಎಫ್‌ಸಿಇ4 ಸೆಷನ್ ಎಂದು ಬರೆದರೆ, ಎಕ್ಸ್‌ಎಫ್‌ಸಿಇ ಇದ್ದಲ್ಲಿ ಮಾತ್ರ ಬರುತ್ತದೆ. ಒಂದೇ ಗುಂಪು ಎರಡೂ ಕಡೆ ನಡೆಯುತ್ತದೆ.

ಪ್ರಶ್ನೆ: ನಾವು ಡೆಬಿಯನ್ ಲಿನಕ್ಸ್ ಬಳಸುವವರು. ಈಕ್ವಿವ್ಸ್‌ನಿಂದ ನಮ್ಮದೇ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜ್‌ಗಳನ್ನು ಎಳೆದು ತರಲೆಂದೇ ಇರುವ ಪ್ಯಾಕೇಜ್) ಮಾಡಿ 25 ಅಪ್ಲಿಕೇಶನ್‌ಗಳನ್ನು ಡಿಪೆಂಡ್ಸ್‌ನಲ್ಲಿ ಬರೆದೆವು. ಯಾರೋ ಒಂದು ಆಟ ತೆಗೆದರು. ಮರುದಿನ, ಯಾರಿಗೂ ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಆಪ್ಟ್ ಆಟೋರಿಮೂವ್ ಓಡಿಸಿದಾಗ ಉಳಿದ 24ನ್ನೂ ಗುಡಿಸಿಹಾಕಿತು!

ಉತ್ತರ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಕಂಡರೂ ಆಪ್ಟ್‌ನ ಲೆಕ್ಕ ಸರಿಯಾಗಿಯೇ ಇದೆ. ಆಟ ಹೋದರೆ ಡಿಪೆಂಡ್ಸ್ ಮುರಿಯುತ್ತದೆ, ಹಾಗಾಗಿ ಮೆಟಾಪ್ಯಾಕೇಜ್ ಹೋಗಲೇಬೇಕು. ಅದು ಹೋದ ಮೇಲೆ ಅದರಿಂದಾಗಿ ಬಂದ ಉಳಿದ 24 ದಿಕ್ಕಿಲ್ಲದವಾಗುತ್ತವೆ.

ಮೂಲ ಹುಡುಕಲು ಈಕ್ವಿವ್ಸ್ ಕಂಟ್ರೋಲ್ ಬರೆದುಕೊಟ್ಟ ಫೈಲನ್ನು ತೆರೆಯಿರಿ. ಸೆಕ್ಷನ್ ಎಂಬಲ್ಲಿ ಮಿಸ್ಕ್ ಎಂದಿರುತ್ತದೆ. ಅದನ್ನು ಮೆಟಾಪ್ಯಾಕೇಜಸ್ ಎಂದು ತಿದ್ದಿ. ಆಪ್ಟ್‌ನ ಆಟೋರಿಮೂವ್ ಸೆಟ್ಟಿಂಗ್ ಫೈಲಿನಲ್ಲಿ ಈ ಸೆಕ್ಷನ್‌ಗೆ ವಿನಾಯಿತಿ ಇದೆ: ಮೆಟಾಪ್ಯಾಕೇಜ್ ಹೋದರೂ ಅದು ತಂದ ಅಪ್ಲಿಕೇಶನ್‌ಗಳನ್ನು ಗುಡಿಸುವುದಿಲ್ಲ. ಆಮೇಲೆ ಡೆಸ್ಕ್‌ಟಾಪ್ ಏಳಲು ಬೇಕೇಬೇಕಾದ ಎರಡು ಮೂರನ್ನು ಮಾತ್ರ ಡಿಪೆಂಡ್ಸ್‌ನಲ್ಲಿ ಬಿಟ್ಟು ಉಳಿದವನ್ನು ರೆಕಮೆಂಡ್ಸ್‌ಗೆ ಸಾಗಿಸಿ. ಆಗ ಆಟ ತೆಗೆದವರು ಆಟವನ್ನಷ್ಟೇ ತೆಗೆಯುತ್ತಾರೆ. ಆದರೆ ಇನ್‌ಸ್ಟಾಲ್ ರೆಕಮೆಂಡ್ಸ್ ಅನ್ನು ಫಾಲ್ಸ್ ಮಾಡಿಟ್ಟ ಕಂಪ್ಯೂಟರ್‌ನಲ್ಲಿ ನಿಮ್ಮ ಮೆಟಾಪ್ಯಾಕೇಜ್ ಬಹುತೇಕ ಖಾಲಿ ಡಬ್ಬ, ಅದನ್ನು ಮೊದಲು ನೋಡಿಕೊಳ್ಳಿ. ಕನ್ನಡಕ್ಕಾಗಿ ಬೇರೆ ಪಟ್ಟಿ ಬೇಡ, ಟಾಸ್ಕ್ ಕನ್ನಡ ಡೆಸ್ಕ್‌ಟಾಪ್ ಎಂಬುದು ಡೆಬಿಯನ್‌ನಲ್ಲೇ ಇದೆ.

ಸದ್ಯಕ್ಕೆ ಇನ್ನೂ ಉಳಿದಿರುವ ಕಂಪ್ಯೂಟರ್‌ಗಳಲ್ಲಿ ಆಪ್ಟ್ ಮಾರ್ಕ್ ಮ್ಯಾನ್ಯುಯಲ್ ಎಂದು ಬರೆದು ಅಪ್ಲಿಕೇಶನ್‌ಗಳ ಹೆಸರು ಕೊಡಿ. ಆಟೋರಿಮೂವ್ ಓಡಿಸುವ ಮೊದಲು ಆಪ್ಟ್ ಗೆಟ್‌ಗೆ ಎಸ್ ಆಯ್ಕೆ ಕೊಟ್ಟರೆ ಏನು ಹೋಗುತ್ತದೆಂದು ತೋರಿಸುತ್ತದೆ, ತೆಗೆಯುವುದಿಲ್ಲ.

ಪ್ರಶ್ನೆ: ಫೆಡೋರಾ ವರ್ಕ್‌ಸ್ಟೇಷನ್ ಐಎಸ್‌ಒನಲ್ಲಿ ಗುಂಪು ಆರಿಸುವ ಪರದೆಯೇ ಬರುವುದಿಲ್ಲವಲ್ಲ?

ಉತ್ತರ: ಅದು ಲೈವ್ ಇಮೇಜ್. ಇನ್‌ಸ್ಟಾಲರ್ ಅಲ್ಲಿ ಪ್ಯಾಕೇಜ್‌ಗಳನ್ನು ಒಂದೊಂದಾಗಿ ಹಾಕುವುದಿಲ್ಲ, ನೀವು ನೋಡುತ್ತಿರುವ ಡೆಸ್ಕ್‌ಟಾಪನ್ನೇ ಇಡಿಯಾಗಿ ಡಿಸ್ಕ್‌ಗೆ ನಕಲು ಮಾಡುತ್ತದೆ. ನಿಮ್ಮ ಕಾಂಪ್ಸ್ ಫೈಲಿಗೆ ಅಲ್ಲಿ ಕೆಲಸವಿಲ್ಲ. ಎವೆರಿಥಿಂಗ್ ಎಂಬ ಹೆಸರಿನ ನೆಟ್ ಇನ್‌ಸ್ಟಾಲ್ ಐಎಸ್‌ಒ ತೆಗೆದುಕೊಳ್ಳಿ. ನಿಮ್ಮ ಕಿಕ್‌ಸ್ಟಾರ್ಟನ್ನೂ ರೆಪೋ ಡೈರೆಕ್ಟರಿಯನ್ನೂ ಅದರೊಳಗೆ ಸೇರಿಸಲು ಲೋರಾಕ್ಸ್ ಪ್ಯಾಕೇಜ್‌ನಲ್ಲಿ ಎಂಕೆಕೆಎಸ್ಐಎಸ್ಒ ಎಂಬ ಉಪಕರಣವಿದೆ. ಗುಂಪು ಅಲ್ಲೂ ಸರಿಯಾಗಿ ಬರದಿದ್ದರೆ ಇನ್‌ಸ್ಟಾಲ್ ನಡೆಯುತ್ತಿರುವಾಗ ಟೆಂಪ್ ಡೈರೆಕ್ಟರಿಯ ಪ್ಯಾಕೇಜಿಂಗ್ ಲಾಗ್ ಓದಿ. ಮುಗಿದ ಮೇಲೆ ಅದೇ ಫೈಲು ವಾರ್ ಲಾಗ್ ಅನಕೊಂಡದಲ್ಲಿ ಸಿಗುತ್ತದೆ.