ಮನೆಯ ಬಟ್ಟೆ ರಾಶಿ ಕರಗುವುದೇ ಇಲ್ಲ, ದೊಡ್ಡ ವಾಷಿಂಗ್ ಮೆಷಿನ್ ಕೊಂಡರೆ ಸರಿಹೋಗುತ್ತದೆಯೇ?

ನಿಮ್ಮದು ಆರು ಜನರ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಶಾಲೆಗೆ ಹೋಗುವ ಮಕ್ಕಳಿಬ್ಬರು, ಜೊತೆಗೆ ಅತ್ತೆ ಮಾವ. ಭಾನುವಾರವಿಡೀ ಒಗೆದರೂ ಬುಧವಾರದ ಹೊತ್ತಿಗೆ ಬುಟ್ಟಿ ತುಂಬಿರುತ್ತದೆ, ಹಾಗಾಗಿ 7 ಕಿಲೋ ಯಂತ್ರ ಕೊಟ್ಟು 10 ಕಿಲೋದ್ದು ತರಲೇ ಎಂದು ಕೇಳಿದ್ದೀರಿ. ತರಬೇಡಿ. ಮೊದಲು ಅಳತೆಯ ಟೇಪು ಹಿಡಿದುಕೊಂಡು ಬಾಲ್ಕನಿಗೆ ಹೋಗಿ, ಬಟ್ಟೆ ಒಣಹಾಕುವ ಹಗ್ಗ ಒಟ್ಟು ಎಷ್ಟು ಮೀಟರ್ ಇದೆ ಎಂದು ನೋಡಿ.

ನಾನು ಮಂಗಳೂರಿನವನು. ಹೆಂಡತಿ ನರ್ಸ್, ಪಾಳಿಯ ಕೆಲಸ. ಮಕ್ಕಳಿಬ್ಬರು, ಅಮ್ಮ, ಕಾಲೇಜಿಗೆಂದು ಬಂದು ಉಳಿದಿರುವ ತಂಗಿಯ ಮಗ. ನಮ್ಮದೂ ಆರು ಜನರ ಲೆಕ್ಕವೇ. ಮನೆಯ ಖಾತೆ ಹಂಚಿಕೆಯಲ್ಲಿ ಬಟ್ಟೆಯ ಖಾತೆ ನನ್ನ ಪಾಲಿಗೆ ಬಂದು ಬಹಳ ವರ್ಷಗಳಾದವು, ಈವರೆಗೆ ಯಾರೂ ಅದಕ್ಕೆ ಆಕಾಂಕ್ಷಿಗಳಾಗಿ ಮುಂದೆ ಬಂದಿಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನಲ್ಲಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಂಥ ಊರಿನಲ್ಲಿ ಬಟ್ಟೆ ಒಗೆಯುವುದು ಯಾರಿಗೂ ಕಷ್ಟವಲ್ಲ. ಒಗೆದದ್ದನ್ನು ಎಲ್ಲಿ ಹರವುವುದು, ಯಾವಾಗ ಒಣಗುವುದು, ಒಣಗಿದ ಮೇಲೆ ಯಾರು ಮಡಚಿಡುವುದು ಎಂಬಲ್ಲಿ ಎಲ್ಲವೂ ಕಟ್ಟಿಕೊಂಡು ನಿಲ್ಲುತ್ತದೆ.

ಲೆಕ್ಕ ಹಾಕೋಣ. ಯಂತ್ರದ ಮೇಲೆ ಬರೆದಿರುವ ಕಿಲೋ ಒಣಬಟ್ಟೆಯ ತೂಕ. ಗಂಡಸರ ಒಂದು ಅಂಗಿ ಸುಮಾರು ಕಾಲು ಕಿಲೋ, ಜೀನ್ಸ್ ಮುಕ್ಕಾಲು ಕಿಲೋ, ಸ್ನಾನದ ಟವೆಲ್ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ, ಹತ್ತಿಯ ಸೀರೆ ಅರ್ಧ ಕಿಲೋ. ಎಂಟು ಅಂಗಿ, ಎರಡು ಜೀನ್ಸ್, ನಾಲ್ಕು ಟವೆಲ್, ಒಂದು ಸೀರೆ, ಎರಡು ಜೊತೆ ಸಮವಸ್ತ್ರ ಹಾಕಿದರೆ 7 ಕಿಲೋ ಭರ್ತಿಯಾಗುತ್ತದೆ. ಈಗ ಇವನ್ನು ಹಗ್ಗಕ್ಕೆ ಹಾಕಿ. ಅಂಚಿಗೆ ಕ್ಲಿಪ್ ಕಚ್ಚಿಸಿ ಹರವಿದ ಅಂಗಿಗೆ ಅರವತ್ತು ಸೆಂಟಿಮೀಟರ್ ಬೇಕು, ಟವೆಲಿಗೆ ಎಪ್ಪತ್ತೈದು. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಇಳಿಬಿಟ್ಟರೂ ಒಂದೂವರೆ ಮೀಟರ್ ಹತ್ತಿರ. ಎಲ್ಲವನ್ನೂ ಕೂಡಿದರೆ 12 ಮೀಟರ್ ಆಗುತ್ತದೆ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಾಮಾನ್ಯವಾಗಿ ಇರುವುದು ಎರಡೂವರೆ ಮೀಟರಿನ ಮೂರು ಸಾಲು, ಅಂದರೆ 7.5 ಮೀಟರ್. ಈಗಿರುವ ಯಂತ್ರವೇ ನಿಮ್ಮ ಹಗ್ಗಕ್ಕಿಂತ ದೊಡ್ಡದು. 10 ಕಿಲೋದ್ದು ತಂದರೆ ಹಸಿ ಬಟ್ಟೆಯ ರಾಶಿ ದೊಡ್ಡದಾಗುತ್ತದೆ, ಅಷ್ಟೇ.

ಹಾಗಾಗಿ ಮಾಡಬೇಕಾದ ಮೊದಲ ಕೆಲಸ, ಭಾನುವಾರದ ಮಹಾಯಜ್ಞವನ್ನು ನಿಲ್ಲಿಸುವುದು. ದಿನವೂ ಒಂದೇ ಸುತ್ತು, ಅದೂ ಅಂದಿನ ಹಗ್ಗಕ್ಕೆ ಹಿಡಿಸುವಷ್ಟು ಮಾತ್ರ. ರಾತ್ರಿ ಊಟಕ್ಕೆ ಮೊದಲು ಯಂತ್ರಕ್ಕೆ ಹಾಕಿದರೆ ಮಲಗುವ ಮುಂಚೆ ಹರವಬಹುದು, ಬೆಳಿಗ್ಗೆಯ ಗಡಿಬಿಡಿಯಲ್ಲಿ ಅದೊಂದು ತಲೆಬಿಸಿ ಇರುವುದಿಲ್ಲ. ಯಂತ್ರ ಅರ್ಧ ಖಾಲಿ ಓಡಿದರೆ ನೀರು ಹಾಳಲ್ಲವೇ ಎಂದು ನಿಮ್ಮ ಮಾವ ಕೇಳಬಹುದು, ನಮ್ಮ ಅಮ್ಮನೂ ಕೇಳಿದ್ದರು. ಮುಕ್ಕಾಲು ತುಂಬಿಸಿ. ಮುಂಬಾಗಿಲಿನ (ಫ್ರಂಟ್ ಲೋಡ್) ಯಂತ್ರವಾದರೆ ಬಟ್ಟೆಯ ಮೇಲೆ ಒಂದು ಅಂಗೈ ಆಡುವಷ್ಟು ಜಾಗ ಇರಲೇಬೇಕು, ಇಲ್ಲದಿದ್ದರೆ ಬಟ್ಟೆ ಒಂದರ ಮೇಲೊಂದು ಬಿದ್ದು ಉಜ್ಜಿಕೊಳ್ಳುವುದೇ ಇಲ್ಲ, ಸುಮ್ಮನೆ ಒದ್ದೆಯಾಗಿ ಹೊರಬರುತ್ತದೆ. ಗಿಡಿದು ತುಂಬಿ ಕೊಳೆ ಹೋಗದೆ ಮತ್ತೊಮ್ಮೆ ಒಗೆಯುವುದರಲ್ಲಿ ಎಂಥ ಉಳಿತಾಯವಿದೆ?

ಎರಡನೆಯದು ಹ್ಯಾಂಗರ್. ಅಂಗಿ, ಕುರ್ತಾ, ಸಮವಸ್ತ್ರದ ಮೇಲಂಗಿ ಎಲ್ಲವನ್ನೂ ಯಂತ್ರದಿಂದ ತೆಗೆದು ಒಮ್ಮೆ ಜೋರಾಗಿ ಒದರಿ, ಕಾಲರನ್ನು ಕೈಯಲ್ಲಿ ಎಳೆದು ಸರಿಮಾಡಿ, ಪ್ಲಾಸ್ಟಿಕ್ ಹ್ಯಾಂಗರಿಗೆ ಹಾಕಿ, ಮೇಲಿನ ಗುಂಡಿಯೊಂದನ್ನು ಹಾಕಿ ಹಗ್ಗಕ್ಕೆ ತೂಗಿಬಿಡಿ. ಅರವತ್ತು ಸೆಂಟಿಮೀಟರ್ ತಿನ್ನುತ್ತಿದ್ದ ಅಂಗಿ ಹದಿನೈದರಲ್ಲಿ ಮುಗಿಯುತ್ತದೆ. ಮೇಲೆ ಹೇಳಿದ 12 ಮೀಟರಿನ ರಾಶಿ ಎಂಟಕ್ಕಿಂತ ಕೆಳಗೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ: ಒಣಗಿದ ಅಂಗಿ ಅದೇ ಹ್ಯಾಂಗರಿನಲ್ಲಿ ನೇರವಾಗಿ ಕಪಾಟಿಗೆ ಹೋಗುತ್ತದೆ. ಮಡಚುವ ಕೆಲಸವೇ ಇಲ್ಲ. ಮಕ್ಕಳ ಸಮವಸ್ತ್ರ ಅರ್ಧ ಪಾಲಿಯೆಸ್ಟರ್ ಇರುವುದರಿಂದ ಹೀಗೆ ಒಣಗಿದರೆ ಇಸ್ತ್ರಿಯೂ ಬೇಡ. ತಂತಿಯ ಹ್ಯಾಂಗರ್ ಮಾತ್ರ ತರಬೇಡಿ, ಹಸಿ ಬಟ್ಟೆಯ ಹೆಗಲಿಗೆ ತುಕ್ಕಿನ ಗುರುತು ಬೀಳುತ್ತದೆ.

ಮಳೆಗಾಲದ ಮಾತಿಗೆ ಬರುತ್ತೇನೆ. ಹಿಂದೆ ನಮ್ಮ ಅಜ್ಜಿಯ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಬಿದಿರಿನ ಗಳು ಕಟ್ಟಿರುತ್ತಿದ್ದರು. ಆಟಿಯ (ಜುಲೈ ಆಗಸ್ಟ್ ನಡುವಿನ ತುಳು ತಿಂಗಳು) ತಿಂಗಳಿನಲ್ಲಿ ಎಲ್ಲರ ಬಟ್ಟೆಯೂ ಅಲ್ಲೇ ಒಣಗುತ್ತಿತ್ತು, ಶಾಲೆಯಲ್ಲಿ ಇಡೀ ತರಗತಿ ಹೊಗೆಯ ವಾಸನೆ ಹೊಡೆಯುತ್ತಿದ್ದುದರಿಂದ ಯಾರೂ ಯಾರನ್ನೂ ಗೇಲಿ ಮಾಡುವಂತಿರಲಿಲ್ಲ. ಈಗ ಒಲೆ ಇಲ್ಲ, ಫ್ಯಾನ್ ಇದೆ. ಬಟ್ಟೆ ಒಣಗಲು ಬಿಸಿಗಿಂತ ಗಾಳಿಯ ಓಡಾಟ ಮುಖ್ಯ. ಮುಚ್ಚಿದ ಕೋಣೆಯಲ್ಲಿ ಸ್ಟ್ಯಾಂಡಿನ ತುಂಬ ಬಟ್ಟೆ ಹರವಿಟ್ಟರೆ ಆ ಕೋಣೆಯ ಗಾಳಿಯೇ ನೀರು ಕುಡಿದು ನಿಂತುಬಿಡುತ್ತದೆ. ಒಂದು ಕಿಟಕಿ ಸ್ವಲ್ಪ ತೆರೆದು, ಟೇಬಲ್ ಫ್ಯಾನನ್ನು ನೆಲದ ಮೇಲಿಟ್ಟು ಕೆಳಗಿನಿಂದ ಓರೆಯಾಗಿ ಗಾಳಿ ಬಿಡಿ, ಬಟ್ಟೆಗಳ ನಡುವೆ ಒಂದು ಗೇಣು ಅಂತರವಿರಲಿ. ಯಂತ್ರದಲ್ಲಿ ಹಿಂಡುವ ವೇಗವನ್ನು ಆಯ್ದುಕೊಳ್ಳುವ ಗುಂಡಿ ಇದ್ದರೆ ಹತ್ತಿಯ ಬಟ್ಟೆಗೆ ನಿಮಿಷಕ್ಕೆ 1,200 ಸುತ್ತು ಇಡಿ. 800ರಲ್ಲಿ ಹಿಂಡಿದ ಟವೆಲಿಗೂ 1,200ರಲ್ಲಿ ಹಿಂಡಿದ ಟವೆಲಿಗೂ ಇರುವ ವ್ಯತ್ಯಾಸ ಕೈಗೆ ಎತ್ತಿಕೊಂಡಾಗಲೇ ತಿಳಿಯುತ್ತದೆ. ಫ್ಯಾನಿನ ಹೊತ್ತಿನ ದೊಡ್ಡ ಭಾಗ ಅಲ್ಲೇ ಉಳಿತಾಯವಾಗುತ್ತದೆ.

ಅರೆ ಒಣಗಿದ ಬಟ್ಟೆಯ ಮುಗ್ಗುಲು ವಾಸನೆಗೆ ಮಳೆಯನ್ನು ಬೈದು ಪ್ರಯೋಜನವಿಲ್ಲ. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಈ ವಾಸನೆಗೆ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಅದು ಒಗೆದರೂ ಪೂರ್ತಿ ಸಾಯದೆ ನೂಲಿನಲ್ಲಿ ಉಳಿದುಕೊಂಡು, ಬಟ್ಟೆ ತೇವವಾಗಿದ್ದಷ್ಟು ಹೊತ್ತೂ ಬೆಳೆಯುತ್ತದೆ. ಹಾಗಾಗಿ ಸುವಾಸನೆಯ ದ್ರವ ಸುರಿದು ಮುಚ್ಚಿಹಾಕುವ ಪ್ರಯತ್ನ ಫಲಿಸುವುದಿಲ್ಲ. ಟವೆಲಿಗೆ ಆ ದ್ರವ ಹಾಕಿದರೆ ಟವೆಲ್ ನೀರು ಹೀರುವುದೂ ಕಡಿಮೆಯಾಗುತ್ತದೆ. ಟವೆಲ್, ಬನಿಯನ್, ಹಾಸಿಗೆಯ ಹೊದಿಕೆಗಳನ್ನು ಆಗಾಗ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಿರಿ. ಹೆಂಡತಿಯ ಆಸ್ಪತ್ರೆಯ ಸಮವಸ್ತ್ರವನ್ನು ನಾವು ಬೇರೆಯಾಗಿ ಅದೇ ಬಿಸಿಯಲ್ಲಿ ಒಗೆಯುತ್ತೇವೆ. ಯಂತ್ರ ನಿಂತ ಮೇಲೆ ಬಟ್ಟೆಯನ್ನು ಒಳಗೇ ಬಿಟ್ಟು ಧಾರಾವಾಹಿ ನೋಡುತ್ತ ಕೂರುವುದು, ಕ್ರಿಕೆಟ್ ಮುಗಿಯಲಿ ಎನ್ನುವುದು, ಇವೆಲ್ಲ ಆ ಬ್ಯಾಕ್ಟೀರಿಯಾಕ್ಕೆ ಮಾಡುವ ಉಪಕಾರ.

ಸೋಪಿನ ಪುಡಿಯ ವಿಷಯ ಚಿಕ್ಕದು. ನಿಮ್ಮಲ್ಲಿ ಕೊಳವೆಬಾವಿಯ ನೀರಾದರೆ ಗಡಸಾಗಿರುವ ಸಾಧ್ಯತೆ ಹೆಚ್ಚು. ಅಂಥ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಒಂದು ಪಾಲನ್ನು ತಿಂದುಹಾಕುತ್ತವೆ, ಆದ್ದರಿಂದ ಸ್ವಲ್ಪ ಹೆಚ್ಚು ಹಾಕಬೇಕು. ಮೃದು ನೀರಿನವರು ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಕಡಿಮೆ ಹಾಕಿದರೂ ಸಾಕು. ನೊರೆ ಹೆಚ್ಚಾದರೆ ಬಟ್ಟೆ ಸ್ವಚ್ಛವಾಯಿತೆಂದು ಅರ್ಥವಲ್ಲ, ಜಾಲಿಸಲು ನೀರು ಹೆಚ್ಚು ಬೇಕೆಂದು ಅರ್ಥ.

ಕಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಬುಧವಾರ ಶನಿವಾರದ ಬಿಳಿ ಸಮವಸ್ತ್ರ ನಿಮ್ಮ ಮನೆಯಲ್ಲೂ ಇರಬಹುದು ಎಂದು ಬರೆಯುತ್ತಿದ್ದೇನೆ. ಬಿಳಿ ಅಂಗಿಗೆ ಸಾಂಬಾರು ಬಿದ್ದಾಗ ಗಾಬರಿಯಲ್ಲಿ ಸೋಪು ತಿಕ್ಕುತ್ತೀರಿ, ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ, ಅಂಗಿ ಕೆಟ್ಟಿತು ಎಂದುಕೊಳ್ಳುತ್ತೀರಿ. ಕೆಟ್ಟಿಲ್ಲ. ಆರತಿಗೆ ಅರಶಿನದ ನೀರಿಗೆ ಸುಣ್ಣ ಬೆರೆಸಿ ಓಕುಳಿ ಮಾಡುತ್ತೇವಲ್ಲ, ಅದೇ ನಡೆದದ್ದು: ಅರಶಿನಕ್ಕೆ ಕ್ಷಾರ ತಾಗಿದರೆ ಕೆಂಪು. ಜಾಲಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಎಣ್ಣೆಯ ಅಂಶಕ್ಕೆ ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ ಉಜ್ಜಿ, ಎಂದಿನಂತೆ ಒಗೆದು, ಕಲೆಯ ಭಾಗ ಮೇಲೆ ಬರುವಂತೆ ಬಿಸಿಲಿಗೆ ಹಾಕಿ. ಅರಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ, ಸಂಜೆಯೊಳಗೆ ಮಸುಕಾಗುತ್ತದೆ, ಉಳಿದರೆ ಮರುದಿನದ ಬಿಸಿಲು ನೋಡಿಕೊಳ್ಳುತ್ತದೆ. ಆಟದ ಮೈದಾನದ ಕೆಂಪು ಮಣ್ಣಿನದು ಬೇರೆ ಕತೆ. ಅದರ ಬಣ್ಣ ಕಬ್ಬಿಣದ್ದು, ಬ್ಲೀಚಿಂಗ್ ಪುಡಿಗೆ ಜಗ್ಗುವುದಿಲ್ಲ. ಕಾಲುಚೀಲವನ್ನು ಹಸಿಯಾಗಿ ತಿಕ್ಕಬೇಡಿ, ಪೂರ್ತಿ ಒಣಗಲು ಬಿಟ್ಟು ಬ್ರಷ್‌ನಿಂದ ಮಣ್ಣು ಉದುರಿಸಿ, ಆಮೇಲೆ ಲಿಂಬೆರಸ ಸವರಿ ಒಗೆಯಿರಿ. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಕಲೆಯನ್ನು ಗಟ್ಟಿಮಾಡುತ್ತದೆ.

ಇನ್ನು ದೀವಾನ್. ನಿಮ್ಮ ಮನೆಯಲ್ಲೂ ಒಣಗಿದ ಬಟ್ಟೆಯನ್ನು ತಂದು ಸುರಿಯುವ ಒಂದು ದೀವಾನೋ ಕುರ್ಚಿಯೋ ಇದ್ದೇ ಇರುತ್ತದೆ. ನೆಂಟರು ಬಂದಾಗ ಆ ಗುಡ್ಡ ಮಲಗುವ ಕೋಣೆಯ ಮಂಚಕ್ಕೆ ಹೋಗುತ್ತದೆ, ರಾತ್ರಿ ಮಂಚದಿಂದ ದೀವಾನಿಗೆ ಮರಳುತ್ತದೆ. ನಡುವೆ ಬೆಳಿಗ್ಗೆ ಯಾರೋ ಒಬ್ಬರು ಬನಿಯನ್ ಹುಡುಕುತ್ತ ಎಲ್ಲವನ್ನೂ ಕೆದರಿ ಹಾಕುತ್ತಾರೆ. ಒಗೆದದ್ದು ಯಾವುದು, ಉಟ್ಟು ಬಿಟ್ಟದ್ದು ಯಾವುದು ಎಂದು ತಿಳಿಯದೆ ಶುಭ್ರವಾದ ಬಟ್ಟೆಯೂ ಮತ್ತೆ ಯಂತ್ರ ಸೇರುತ್ತದೆ. ಈ ರೋಗಕ್ಕೆ ಮದ್ದು ಒಂದೇ: ಬಟ್ಟೆ ಹಗ್ಗದಿಂದ ಇಳಿಯುವಾಗಲೇ ಮಡಚಿಕೊಳ್ಳಬೇಕು. ಹಗ್ಗದ ಬಳಿ ಒಂದು ಸ್ಟೂಲ್ ಇಟ್ಟುಕೊಳ್ಳಿ. ಒಂದೊಂದೇ ತೆಗೆದು, ನಿಂತಲ್ಲೇ ಮಡಚಿ, ಯಾರದು ಎಂಬ ಲೆಕ್ಕದಲ್ಲಿ ಪ್ರತ್ಯೇಕ ಅಟ್ಟಿ ಮಾಡಿ. ಇದು ಸಾಧ್ಯವಾಗುವುದು ದಿನಕ್ಕೊಂದೇ ಸುತ್ತು ಇದ್ದಾಗ. ಭಾನುವಾರದ ನಾಲ್ಕು ಸುತ್ತಿನ ಬಟ್ಟೆಯನ್ನು ಯಾವ ಪುಣ್ಯಾತ್ಮನೂ ನಿಂತು ಮಡಚಲಾರ.

ಅಟ್ಟಿ ಮಾಡುವವರೆಗೆ ನನ್ನ ಕೆಲಸ. ಕಪಾಟಿಗೆ ಇಡುವುದು ಅವರವರ ಕೆಲಸ. ಎಂಟು ವರ್ಷದ ಮಗುವಿಗೆ ತನ್ನ ಅಟ್ಟಿಯನ್ನು ಎತ್ತಿಕೊಂಡು ಹೋಗಿ ಕೆಳಗಿನ ಅರೆಯಲ್ಲಿಡಲು ಬರುತ್ತದೆ. ಇಪ್ಪತ್ತು ವರ್ಷದ ಅಳಿಯನಿಗೆ ಬರುವುದಿಲ್ಲ ಎಂದರೆ ನಂಬಬೇಡಿ, ಅವನ ಅಟ್ಟಿಯನ್ನು ಅವನ ದಿಂಬಿನ ಮೇಲಿಡಿ. ಮಲಗಬೇಕಾದರೆ ಎತ್ತಲೇಬೇಕು. ಕಾಲುಚೀಲಕ್ಕೆ ಒಬ್ಬೊಬ್ಬರಿಗೊಂದು ಜಾಲರಿ ಚೀಲ ಕೊಟ್ಟು, ಚೀಲ ಸಮೇತ ಒಗೆದರೆ ಜೊತೆ ತಪ್ಪುವುದಿಲ್ಲ.

ಬಟ್ಟೆ ಬುಟ್ಟಿಗೆ ಬೀಳುವುದನ್ನೂ ಕಡಿಮೆ ಮಾಡಬೇಕು. ಅಮ್ಮನಿಗೆ ಮಡಿಯ ಸೀರೆಗೆಂದು ಬೇರೆಯೇ ಗಳು, ಕೈಗೆಟುಕದ ಎತ್ತರದಲ್ಲಿ, ನಾವ್ಯಾರೂ ಮುಟ್ಟುವಂತಿಲ್ಲ. ಮಡಿಯ ಬಗ್ಗೆ ನನಗೂ ಅವರಿಗೂ ಒಮ್ಮತವಿಲ್ಲ, ಇರಲಿ. ಆದರೆ ಇಂದು ಉಟ್ಟದ್ದನ್ನು ಇಂದೇ ಒಗೆದು ಹರವಿ, ನಾಳೆಗೆ ಒಣಗಿದ್ದನ್ನು ಉಡುವ ಅವರ ಪದ್ಧತಿಗೆ ಎರಡು ಸೀರೆ ಸಾಕು, ರಾಶಿ ಎಂಬುದೇ ಹುಟ್ಟುವುದಿಲ್ಲ. ನಮ್ಮ ಮಕ್ಕಳಿಗೆ ಹನ್ನೆರಡು ಟೀ ಶರ್ಟ್ ಇರುವುದರಿಂದಲೇ ಹನ್ನೆರಡೂ ಕೊಳೆಯಾಗುವವರೆಗೆ ಯಾರಿಗೂ ಎಚ್ಚರವಾಗುವುದಿಲ್ಲ. ಅರ್ಧವನ್ನು ಅಟ್ಟಕ್ಕೆ ಏರಿಸಿ. ಜೀನ್ಸ್ ಮತ್ತು ಸಂಜೆ ಎರಡು ಗಂಟೆ ಹಾಕಿದ ಬಟ್ಟೆಗೆ ಬಾಗಿಲ ಹಿಂದೆ ಗೂಟಗಳಿರಲಿ. ಒಳ ಉಡುಪು, ಬೆವರಿನ ಅಂಗಿ, ಕಾಲುಚೀಲ ಬಿಟ್ಟರೆ ಉಳಿದದ್ದೆಲ್ಲ ದಿನವೂ ಯಂತ್ರ ಕಾಣಬೇಕಾಗಿಲ್ಲ.

ಇಸ್ತ್ರಿಯನ್ನು ಮನೆಯಲ್ಲಿ ಮಾಡಲೇಬೇಕೆಂಬ ಹಟ ಬೇಡ. ಕಚೇರಿಯ ಹತ್ತಿ ಅಂಗಿ, ಗಂಜಿ ಹಾಕಿದ ಸೀರೆ, ಇಷ್ಟನ್ನು ಬೀದಿಯ ಇಸ್ತ್ರಿ ಅಂಗಡಿಗೆ ಕೊಡಿ. ಮದುವೆಯೋ ಪ್ರವಾಸವೋ ಮುಗಿಸಿ ಬಂದಾಗ ಚೀಲಗಟ್ಟಲೆ ಬಟ್ಟೆ ಬಂದರೆ ಕಿಲೋ ಲೆಕ್ಕದಲ್ಲಿ ಒಗೆಯುವ ಲಾಂಡ್ರಿಗೆ ಹಾಕಿ ಕೈತೊಳೆದುಕೊಳ್ಳಿ. ಅದಕ್ಕೆಂದು ದಿನದ ಕ್ರಮ ಕೆಡಿಸಿಕೊಂಡರೆ ಮತ್ತೆ ಹಳಿಗೆ ತರಲು ವಾರ ಹಿಡಿಯುತ್ತದೆ.

ಇಷ್ಟಾಗಿಯೂ ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಬಾಲ್ಕನಿಯ ಚಾವಣಿಗೆ ರಾಟೆಯಲ್ಲಿ ಇಳಿಸಿ ಏರಿಸುವ ಕೊಳವೆಗಳನ್ನು ಹಾಕಿಸಿ. ಆರು ಕೊಳವೆ ಹಾಕಿಸಿದರೆ ಮೂರು ಸಾಲಿನ ಹಗ್ಗ ಎರಡು ಪಟ್ಟಾದಂತೆ, ಕೆಳಗೆ ಓಡಾಡಲು ಜಾಗವೂ ಉಳಿಯುತ್ತದೆ. ಅದಕ್ಕೂ ಮೇಲೆ ಎಂದರೆ ಡ್ರೈಯರ್. ಕರಾವಳಿ, ಮಲೆನಾಡಿನವರಿಗೆ ಅದು ಆಡಂಬರವಲ್ಲ. ಪ್ರತ್ಯೇಕ ಡ್ರೈಯರಿನಲ್ಲಿ ಹೀಟ್ ಪಂಪ್ (ಒಂದೇ ಬಿಸಿಯನ್ನು ಮತ್ತೆ ಮತ್ತೆ ಬಳಸುವ ವ್ಯವಸ್ಥೆ) ಇರುವುದು ಕೊಳ್ಳುವಾಗ ದುಬಾರಿ, ಕರೆಂಟ್ ಮಾತ್ರ ಸಾದಾ ಹೀಟರಿನದ್ದಕ್ಕಿಂತ ಬಹಳ ಕಡಿಮೆ ಸಾಕು. ಒಗೆಯುವುದೂ ಒಣಗಿಸುವುದೂ ಒಂದರಲ್ಲೇ ಇರುವ ಯಂತ್ರಗಳಿಗೆ ಎರಡು ಅಂಕಿ ಇರುತ್ತವೆ, ಒಗೆಯಲು 8 ಕಿಲೋ, ಒಣಗಿಸಲು 5 ಕಿಲೋ ಎಂಬಂತೆ. ಅಂಗಡಿಯಲ್ಲಿ ಎರಡನೆಯ ಅಂಕಿಯನ್ನು ಕೇಳಿ ನೋಡಿಕೊಂಡೇ ಕೊಳ್ಳಿ. 8 ಕಿಲೋ ಹಾಕಿ ಒಗೆದು, ಮೂರು ಕಿಲೋದಷ್ಟನ್ನು ಹೊರತೆಗೆದು ಹಗ್ಗಕ್ಕೆ ಹಾಕಿ, ಉಳಿದದ್ದನ್ನು ಒಣಗಿಸುವ ಹೊತ್ತಿಗೆ ಹಲವು ಗಂಟೆಗಳು ಹೋಗಿರುತ್ತವೆ, ಅಷ್ಟು ಹೊತ್ತೂ ಯಂತ್ರ ಬೇರೆ ಬಟ್ಟೆಗೆ ಸಿಗುವುದಿಲ್ಲ.